ಹಾರ್ಲನ್ ವೆಟ್ಜೆಲನ ಗಂಟು ಬಿಚ್ಚಲಿಲ್ಲ

ಹಾರ್ಲನ್ ವೆಟ್ಜೆಲ್ ಯಾವ ಕೆಲಸವನ್ನಾಗಲಿ ಎರಡು ಸಲ ನೋಡಿ ಬಿಟ್ಟವನಲ್ಲ. ಮೂರನೆಯ ಸಲವೂ ನೋಡಬೇಕು. ಆಲ್ಡರ್ ಬೆಂಡ್‌ನಲ್ಲಿ ಅವನು ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದ. ಬಸ್ಸಿನ ಸುತ್ತ ಮೂರು ಸುತ್ತು ಬಂದು, ನಾಲ್ಕೂ ಗಾಲಿಗಳನ್ನು ಬೂಟಿನ ತುದಿಯಿಂದ ತಟ್ಟಿ ನೋಡದೆ ಕೀಲಿ ತಿರುಗಿಸಿದ ದಿನವೇ ಇಲ್ಲ. ಅವನ ಬಸ್ಸಿನ ವೇಗದ ಬಗ್ಗೆ ಊರಿನಲ್ಲಿ ಒಂದು ಕಥೆಯಿದೆ. ಮೊದಲ ನಿಲ್ದಾಣದಲ್ಲಿ ಬಸ್ಸು ತಪ್ಪಿಸಿಕೊಂಡ ಹುಡುಗಿಯೊಬ್ಬಳು ಮನೆಗೆ ಹೋಗಿ, ಬ್ರೆಡ್ಡು ಸುಟ್ಟು, ಬೆಣ್ಣೆ ಸವರಿ ತಿಂದು, ಜೋಳದ ಹೊಲ ಅಡ್ಡ ದಾಟಿ ಮೂರನೆಯ ನಿಲ್ದಾಣದಲ್ಲಿ ಅದೇ ಬಸ್ಸು ಹತ್ತಿದಳಂತೆ. ಇದು ಸುಳ್ಳು ಎಂದು ಹಾರ್ಲನ್ ಹೇಳುತ್ತಾನೆ. ಅದು ನಾಲ್ಕನೆಯ ನಿಲ್ದಾಣ.

ಮದುವೆಯ ಮಾತನ್ನೂ ಅವನು ಮೂರು ಸಲವೇ ಕೇಳಿದ್ದು. ಅವನ ಹೆಂಡತಿ ಡೊರೀನ್ ಅದನ್ನು ಈಗಲೂ ಎಲ್ಲರ ಮುಂದೆ ಹೇಳುತ್ತಾಳೆ: "ಮೊದಲನೇ ಸಲಕ್ಕೇ ಹೂಂ ಅಂದಿದ್ದೆ. ಮೂರನೇ ಸಲ ಕೇಳಿದಾಗ, ಇವನನ್ನ ಮಾಡ್ಕೊಳ್ಳೋದಾ ಬೇಡ್ವಾ ಅಂತ ನಂಗೇ ಅನುಮಾನ ಬಂತು."

ಬಸ್ಸಿನ ಕೆಲಸದಿಂದ ನಿವೃತ್ತನಾದ ಮೇಲೆ ಹಾರ್ಲನ್‌ಗೆ ಉಳಿದದ್ದು ಒಂದೇ ಆಸೆ: ಮಾತಿಲ್ಲದ ಜಾಗ. ಮೂವತ್ತೊಂದು ವರ್ಷ ಅವನ ಕತ್ತಿನ ಹಿಂದೆ ಐವತ್ತು ಮಕ್ಕಳು ಕಿರುಚಿದ್ದರು. ಅಂಥ ಜಾಗ ಅವನಿಗೆ ವರ್ಷಕ್ಕೆ ಆರು ವಾರ, ಮಾರ್ಚ್ ಕೊನೆಯಿಂದ ಮೇ ಮೊದಲಿನವರೆಗೆ, ವುಲ್ಫ್ ನದಿಯ ತಿರುವಿನಲ್ಲಿ ಸಿಗುತ್ತಿತ್ತು.

ಮಂಜುಗಡ್ಡೆ ಒಡೆದು ಹೋದ ಕೂಡಲೇ ನದಿಯ ಎರಡೂ ದಂಡೆಗಳಿಗೆ ತೆಪ್ಪಗಳು ಬಂದು ಕಟ್ಟಿಕೊಳ್ಳುತ್ತವೆ. ಒಂದೊಂದು ತೆಪ್ಪದ ಮೇಲೂ ಒಂದೊಂದು ಗೂಡು. ಒಳಗೆ ಕಬ್ಬಿಣದ ಪುಟ್ಟ ಒಲೆ, ಎರಡು ಕುರ್ಚಿ, ನೀರಿನ ಕಡೆಗೆ ಅಗಲವಾದ ಕಿಟಕಿ. ಮೇಲಿನ ಜವುಗಿನ ಹುಲ್ಲಿನಲ್ಲಿ ಮೊಟ್ಟೆಯಿಡಲು ವಾಲೈ ಮೀನುಗಳು ಹೊಳೆಯೇರಿ ಬರುವ ಕಾಲ ಅದು. ಬೆಳಕು ಬಿದ್ದರೆ ಬೆಕ್ಕಿನ ಕಣ್ಣಿನಂತೆ ಹೊಳೆಯುವ ಕಣ್ಣಿನ ಈ ಮೀನು ದೂರದಿಂದ ಈಜಿ ಬಂದು, ತಿರುವುಗಳ ಆಳದಲ್ಲಿ ಒಂದಿಷ್ಟು ದಣಿವಾರಿಸಿಕೊಳ್ಳುತ್ತದೆ. ಎಲ್ಲ ತಿರುವುಗಳಿಗಿಂತ ಆಳವಾದದ್ದು ಹಾರ್ಲನ್ ತೆಪ್ಪ ಕಟ್ಟುತ್ತಿದ್ದ ಮಿಸೆಸ್ ಶ್ಮೋಲ್ಟ್ ಅವರ ದಂಡೆಯ ತಿರುವು. ಅಲ್ಲಿಂದ ನೋಡಿದರೆ ಬೇರೆ ಒಂದು ತೆಪ್ಪವೂ ಕಾಣುವುದಿಲ್ಲ. ಬೇರೆಯವರಿಗೆ ಆ ಜಾಗದ ಹೆಚ್ಚುಗಾರಿಕೆ ಆಳ. ಹಾರ್ಲನ್‌ಗೆ ಅದು ಯಾರೂ ಕಾಣದಿರುವುದು.

ವೈಲೆಟ್ ಶ್ಮೋಲ್ಟ್‌ಗೆ ಎಂಬತ್ತೆಂಟು ವರ್ಷ. ದಂಡೆಗೆ ಅವರು ಬಾಡಿಗೆ ಎಂದು ಒಂದು ಕಾಸು ಕೇಳಿದವರಲ್ಲ. ಹಾರ್ಲನ್ನನ ಅಪ್ಪನ ಕಾಲದಿಂದ ನಡೆದು ಬಂದದ್ದು ಒಂದೇ ಕಟ್ಟಳೆ. ಆ ವಸಂತದಲ್ಲಿ ಇಟ್ಟುಕೊಂಡ ಮೊದಲ ವಾಲೈ ಅವರಿಗೆ ಸೇರಬೇಕು. ಅವರ ದಂಡೆಗೆ ಕಟ್ಟಿದ ತೆಪ್ಪದಿಂದಲೇ ಹಿಡಿದಿರಬೇಕು, ಮುಳ್ಳು ತೆಗೆದು ಹಸನು ಮಾಡಿರಬೇಕು, ಅಂಗಿಯ ಗುಂಡಿಯಷ್ಟೇ ಇರುವ ಎರಡು ಕೆನ್ನೆ ತುಂಡುಗಳೂ ಜೊತೆಗಿರಬೇಕು. ಗುಡ್ ಫ್ರೈಡೇ ಮಧ್ಯಾಹ್ನದ ಹೊತ್ತಿಗೆ ಅವರ ಅಡುಗೆಮನೆ ಮುಟ್ಟಬೇಕು. ಮುಟ್ಟದಿದ್ದರೆ ಆ ದಂಡೆ ಮುಂದೆ ಕೇಳಿದವರಿಗೆ.

ಮುಂದೆ ಕೇಳುವವನು ಯಾರೆಂಬುದು ಊರಿಗೆಲ್ಲ ಗೊತ್ತಿತ್ತು: ಡ್ಯೂಯಿ ರೋಡಿ, ಕ್ಷೌರದಂಗಡಿಯವನು. ಅವನ ತೆಪ್ಪ ಹೆದ್ದಾರಿ ಸೇತುವೆಯ ಕೆಳಗಿನ ಆಳವಿಲ್ಲದ ನೀರಿನಲ್ಲಿತ್ತು. ಡ್ಯೂಯಿಯ ಬಾಯಿ ಅವನ ಕತ್ತರಿಗಿಂತ ಚುರುಕು. ತಲೆಯಲ್ಲಿ ಇಪ್ಪತ್ತೇ ಕೂದಲಿದ್ದವನನ್ನೂ ಒಂದು ಗಂಟೆ ಕೂರಿಸಿಕೊಳ್ಳುತ್ತಾನೆ.

ಆ ವರ್ಷ ಮಂಜುಗಡ್ಡೆ ತಡವಾಗಿ ಒಡೆಯಿತು, ಈಸ್ಟರ್ ಬೇಗ ಬಂತು. ಗುಡ್ ಫ್ರೈಡೇ ಬರುವ ಪವಿತ್ರ ವಾರ ಹುಟ್ಟಿದರೂ ಹಾರ್ಲನ್ನನ ಬಕೆಟ್ಟು ಖಾಲಿ. ಮಂಗಳವಾರ ಒಂದು ಸಿಕ್ಕಿತ್ತು. ಇಪ್ಪತ್ತೇಳು ಅಂಗುಲದ್ದು, ಹೊಟ್ಟೆ ತುಂಬ ಮೊಟ್ಟೆ. ಅಂಥ ತಾಯಿಮೀನನ್ನು ಇಟ್ಟುಕೊಳ್ಳುವ ಪದ್ಧತಿ ಅವನ ಮನೆತನದಲ್ಲಿರಲಿಲ್ಲ. ಅಳತೆ ಹಿಡಿದು ನೀರಿಗೆ ಬಿಟ್ಟ.

"ಬಿಟ್ಟೇಬಿಟ್ಯಾ?" ಎಂದಳು ಡೊರೀನ್ ಊಟದ ಹೊತ್ತಿನಲ್ಲಿ.

"ಬಿಟ್ಟೆ."

"ಎಷ್ಟು ಸಲ ಅಳೆದೆ?"

ಹಾರ್ಲನ್ ಆಲೂಗಡ್ಡೆಯ ಕಡೆ ನೋಡಿದ.

"ಪಾಪ, ಆ ಮೀನಿಗೆ ಬೇಜಾರಾಗಿ ತಾನೇ ಹಾರಿ ಹೋಗಿರುತ್ತೆ. ಮಿಸೆಸ್ ಶ್ಮೋಲ್ಟ್ ಫೋನ್ ಮಾಡಿದ್ರು. ಎಣ್ಣೆ ತಂದಿಟ್ಟಿದಾರಂತೆ. ಹಿಟ್ಟೂ ಜರಡಿ ಹಿಡಿದಾಯ್ತಂತೆ. ಇನ್ನು ಮೀನೊಂದು ಬಂದ್ರೆ ಆಯ್ತು ಅಂದ್ರು."

ಬುಧವಾರ ಡ್ಯೂಯಿಯೇ ಎದುರಾದ. ಎರೆಗೆಂದು ಸಣ್ಣ ಮೀನು ಮಾರುವ ಅಂಗಡಿಯ ಬಾಗಿಲಲ್ಲಿ ನಿಂತು, "ಹಾರ್ಲನ್, ನಿನ್ನ ಜಾಗದ ಕಿಟಕಿಯಿಂದ ಬೆಳಗ್ಗೆ ಹೊತ್ತು ಬಿಸಿಲು ಬರುತ್ತಾ? ಕುರ್ಚಿ ಎಲ್ಲಿಡೋದು ಅಂತ ಯೋಚನೆ ಮಾಡ್ತಿದೀನಿ" ಎಂದ.

"ಇನ್ನೂ ಎರಡು ದಿನ ಇದೆ."

"ಮಿಸೆಸ್ ಶ್ಮೋಲ್ಟ್ ಕೂಡ ಅದೇ ಅಂದ್ರು. ಶುಕ್ರವಾರದ ತನಕ ತಡಿಯೋ ಅಂದ್ರು. ನಾನೇನು ಅವಸರ ಮಾಡ್ತಿಲ್ಲಪ್ಪ. ಕಿಟಕಿಗೆ ಪರದೆ ಅಷ್ಟೇ ಹೊಲಿಸ್ತಿದೀನಿ."

ಆ ರಾತ್ರಿ ಹಾರ್ಲನ್‌ಗೆ ಸರಿಯಾಗಿ ನಿದ್ದೆ ಬರಲಿಲ್ಲ. ಆ ಜಾಗ ಹೋದರೆ ಉಳಿಯುವುದು ಸೇತುವೆಯ ಕೆಳಗಿನ ಸಾಲು. ತಲೆಯ ಮೇಲೆ ಲಾರಿಗಳು, ಅಕ್ಕಪಕ್ಕದಲ್ಲಿ ರೇಡಿಯೊ ಹಚ್ಚಿದ ತೆಪ್ಪಗಳು.

ಗುರುವಾರ ಬೆಳಿಗ್ಗೆ ತೆಂಕಣ ಗಾಳಿ ಬೀಸುತ್ತಿತ್ತು. ಮೇಲಿನ ಕಾಡುಗಳ ಹಿಮ ಕರಗಿ ಹೊಳೆ ಒಂದೇ ರಾತ್ರಿಯಲ್ಲಿ ಎರಡು ಅಡಿ ಏರಿತ್ತು. ನೀರಿನ ಬಣ್ಣ ಹಾಲು ಹಾಕಿದ ಕಾಫಿಯಂತಾಗಿತ್ತು. ಏರುವ ನೀರಿನಲ್ಲಿ ತೆಪ್ಪಕ್ಕೆ ಹಗ್ಗ ಸಡಿಲಿಸಿ ಕೊಡಬೇಕು, ಇಲ್ಲವಾದರೆ ಒಂದು ಮಗ್ಗುಲು ಮುಳುಗುತ್ತದೆ. ಹಾರ್ಲನ್ ಮೂರು ಹಗ್ಗಗಳನ್ನೂ ಬಿಚ್ಚಿ, ಉದ್ದ ಬಿಟ್ಟು, ಮತ್ತೆ ಕಟ್ಟಿದ. ಮೊದಲನೆಯದನ್ನು ಎಳೆದು ನೋಡಿದ, ಎರಡನೆಯದನ್ನು ಜಗ್ಗಿ ನೋಡಿದ, ಮೂರನೆಯದಕ್ಕೆ ಜೋತುಬಿದ್ದು ನೋಡಿದ. ಮತ್ತೆ ಮೊದಲಿನಿಂದ ಶುರುಮಾಡಿದ. ಮೂರು ಸುತ್ತು ಮುಗಿದ ಮೇಲೆ ಅವನ ಮನಸ್ಸಿಗೆ ನೆಮ್ಮದಿಯಾಯಿತು.

ಬೇರೆಯವರು ಎರಡು ಮರಕ್ಕೂ ಒಂದು ಗೂಟಕ್ಕೂ ಕಟ್ಟುತ್ತಾರೆ. ಹಾರ್ಲನ್ ಮೂರನ್ನೂ ಒಂದೇ ಆಶ್ ಮರಕ್ಕೆ ಕಟ್ಟುತ್ತಿದ್ದ, ಏಕೆಂದರೆ ಅವನ ಅಪ್ಪ ಹಾಗೆ ಕಟ್ಟುತ್ತಿದ್ದ. ನಲವತ್ತು ವರ್ಷದ ಹಗ್ಗ ಉಜ್ಜಿ ಆ ಮರದ ಸೊಂಟದಲ್ಲಿ ಕಾಲುವೆಯೇ ಬಿದ್ದಿತ್ತು. ಹೋದ ವರ್ಷವೇ ಡೊರೀನ್ ಹೇಳಿದ್ದಳು: "ಎರಡು ವರ್ಷದಿಂದ ಆ ಮರದಲ್ಲಿ ಒಂದು ಎಲೆ ಚಿಗುರಿಲ್ಲ, ಹಾರ್ಲನ್. ಹುಳ ತಿಂದು ಸತ್ತಿದೆ ಅದು."

"ಮರ ಅಲ್ಲ ನೋಡೋದು, ಗಂಟು ನೋಡ್ಬೇಕು" ಎಂದಿದ್ದ ಹಾರ್ಲನ್. ಅದೂ ಅವನ ಅಪ್ಪನ ಮಾತೇ.

ಮೀನೆತ್ತುವ ಒದ್ದೆ ಕೈಬಲೆಯನ್ನು ಒಣಗಲೆಂದು ಆ ಮರದ ಮೋಟು ಕೊಂಬೆಗೆ ತೂಗುಹಾಕಿ ಅವನು ತೆಪ್ಪ ಹತ್ತಿದ. ಒಲೆ ಹಚ್ಚಿದ. ಗಾಳಕ್ಕೆ ಸಣ್ಣ ಮೀನು ಚುಚ್ಚಿ, ಸೀಸದ ಗುಂಡು ತಳ ಮುಟ್ಟಿದ್ದನ್ನು ಬೆರಳಲ್ಲಿ ಅರಿತು, ಕೋಲನ್ನು ಕಿಟಕಿಯ ಚೌಕಟ್ಟಿಗೆ ಆನಿಸಿದ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು, ಜಿಂಕೆ ಮಾಂಸದ ಸಾಸೇಜನ್ನು ಚಾಕುವಿನಿಂದ ತೆಳ್ಳಗೆ ಹೆಚ್ಚಿದ. ಎಂಥ ಮೌನ! ಕೇಳಿಸುತ್ತಿದ್ದುದು ಒಲೆಯ ಚಟಪಟ, ಎಲ್ಲೋ ದೂರದಲ್ಲಿ ಕೊಕ್ಕರೆಗಳ ಕೂಗು, ಇಷ್ಟೇ.

ಒಂಬತ್ತೂಕಾಲಿನ ಸುಮಾರಿಗೆ ದಂಡೆಯ ಕಡೆ ಯಾರೋ ದೀರ್ಘವಾಗಿ ಉಸಿರುಬಿಟ್ಟಂತಾಯಿತು. ಒಲೆಯಲ್ಲಿ ಹಸಿ ಸೌದೆ ಇದೆ ಎಂದುಕೊಂಡ ಹಾರ್ಲನ್. ಆಮೇಲೆ ತೆಪ್ಪ ಒಮ್ಮೆ ಮೆಲ್ಲಗೆ ಅಲುಗಿತು. ಹೊಳೆ ಏರಿದ ದಿನಗಳಲ್ಲಿ ದಿಮ್ಮಿ ಬಂದು ತಾಗುವುದು ಸಾಮಾನ್ಯ. ಗಾಳದ ದಾರ ಸ್ವಲ್ಪ ಓರೆಯಾದದ್ದನ್ನೂ ಕಂಡ. ಸೆಳೆತ ಜಾಸ್ತಿಯಾಗಿದೆ ಎಂದುಕೊಂಡು ಇನ್ನೊಂದು ತುಂಡು ಸಾಸೇಜು ಬಾಯಿಗಿಟ್ಟ.

ಅಗಿಯುತ್ತಾ ಕಿಟಕಿಯಾಚೆ ನೋಡಿದ. ಲೂಥರನ್ ಚರ್ಚಿನ ಶಿಖರ ಕಂಡಿತು. ಚೆನ್ನಾಗಿದೆ ಎನಿಸಿತು. ಇನ್ನೆರಡು ಸಲ ಅಗಿದ ಮೇಲೆ, ಈ ಕಿಟಕಿಯಿಂದ ಚರ್ಚು ಎಂದೂ ಕಂಡಿರಲಿಲ್ಲವಲ್ಲ ಎನಿಸಿತು. ಅಷ್ಟರಲ್ಲಿ ಚರ್ಚು ಹಿಂದೆ ಸರಿದು ದನದ ಮೇವಿನ ಗಿರಣಿ ಬಂತು. ಚರ್ಚು, ಗಿರಣಿ, ಆಮೇಲೆ ಸೇತುವೆ. ಮೂವತ್ತೊಂದು ವರ್ಷ ಅವನು ಬಸ್ಸಿನಲ್ಲಿ ದಾಟಿದ್ದು ಇದೇ ಸಾಲಿನಲ್ಲಿ. ಕಣ್ಣು ತಾನಾಗಿ ಕೈಗಡಿಯಾರದ ಕಡೆ ತಿರುಗಿತು. ಬಸ್ಸು ಗಿರಣಿಯ ಹತ್ತಿರ ಏಳು ಐವತ್ತಕ್ಕೆ ಇರಬೇಕಿತ್ತು. ಒಂದೂವರೆ ಗಂಟೆ ತಡ.

ಆಗ ಅವನು ಎದ್ದು ಬಾಗಿಲು ತೆರೆದ.

ಮೂರು ಹಗ್ಗಗಳೂ ಬಿಗಿಯಾಗಿದ್ದವು. ಮೂರು ಗಂಟುಗಳೂ ಅವನು ಹಾಕಿದ ಹಾಗೆಯೇ ಇದ್ದವು, ಒಂದು ಎಳೆ ಸಡಿಲವಾಗಿರಲಿಲ್ಲ. ಹಗ್ಗಗಳ ಆ ತುದಿಯಲ್ಲಿ, ನೆನೆದ ದಂಡೆಯನ್ನೇ ಬಿಟ್ಟು ಬಂದ ಅಪ್ಪನ ಆಶ್ ಮರ ಬೇರುಗಳನ್ನು ಆಕಾಶಕ್ಕೆ ಚಾಚಿ, ಹಗ್ಗ ಕಟ್ಟಿದ ಕರುವಿನಂತೆ ಹಿಂದೆ ಹಿಂದೆ ಬರುತ್ತಿತ್ತು. ಮೋಟು ಕೊಂಬೆಯಲ್ಲಿ ಕೈಬಲೆ ಇನ್ನೂ ಒಣಗುತ್ತಿತ್ತು.

ಹಾರ್ಲನ್ ಮಾಡಿದ ಮೊದಲ ಕೆಲಸ ಗಂಟುಗಳನ್ನು ಎಳೆದು ನೋಡಿದ್ದು. ಎರಡು ಸಲ. ಮೂರನೆಯ ಸಲ ನೋಡುವಷ್ಟರಲ್ಲಿ ತೆಪ್ಪ ಸೇತುವೆಯ ಕೆಳಗೆ ನುಸುಳಿತ್ತು. ಮೇಲೆ ನಿಂತಿದ್ದ ಇಬ್ಬರು ಹೆಂಗಸರು ಕೈಬೀಸಿದರು. ಮರ್ಯಾದೆಗೆ ಅವನೂ ಬೀಸಿದ. ಮರದ ಕೊಂಬೆಗಳು ತಳ ಕೆರೆಯುತ್ತಿದ್ದುದರಿಂದ ತೆಪ್ಪ ಬಹಳ ನಿಧಾನವಾಗಿ ಸಾಗುತ್ತಿತ್ತು. ಹಾರ್ಲನ್ನನ ಬಸ್ಸಿನ ವೇಗ ಎಂದು ಆ ಹೆಂಗಸರು ಆಮೇಲೆ ಊರಿಗೆಲ್ಲ ಹೇಳಿದರು.

ಚಾಕು ತಂದು ಹಗ್ಗ ಕೊಯ್ಯಲೇ ಎಂದು ಯೋಚಿಸುತ್ತಿದ್ದಾಗ ಒಳಗೆ ಕಿಟಕಿಯ ಚೌಕಟ್ಟು ಟಕ್ಕೆಂದಿತು. ಗಾಳದ ಕೋಲು ಬಾಗಿ, ಅದರ ತುದಿ ನೀರಿಗೆ ನಮಸ್ಕಾರ ಹೊಡೆಯುತ್ತಿತ್ತು. ಹಾರ್ಲನ್ ಮರವನ್ನೂ ಮರೆತ, ತೇಲುತ್ತಿರುವುದನ್ನೂ ಮರೆತ. ಓಡಿ ಬಂದು ಕೋಲು ಹಿಡಿದ. ಭಾರವಾಗಿ ತಲೆ ಕೊಡವುವ ಆ ಕುಲುಕು ಅವನಿಗೆ ಚಿಕ್ಕಂದಿನಿಂದ ಗೊತ್ತು. ವಾಲೈ!

"ಹಾರ್ಲನ್!" ಹೊರಗಿನಿಂದ ಕೂಗು ಬಂತು. "ನನ್ನನ್ನ ನೋಡ್ಬೇಕು ಅನ್ಸಿದ್ರೆ ಕಾರಲ್ಲಿ ಬರ್ಬಹುದಿತ್ತಲ್ಲೋ! ಅದ್ಯಾಕೆ ಮರ ತಂದೆ? ಉಡುಗೊರೆನಾ?"

ಡ್ಯೂಯಿ ತನ್ನ ತೆಪ್ಪದ ಅಂಚಿನಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ.

"ಮೀನಿದೆ!" ಎಂದ ಹಾರ್ಲನ್ ಕಿಟಕಿಯೊಳಗಿಂದ.

"ಏನು?"

"ಗಾಳದಲ್ಲಿ ಮೀನಿದೆ!"

"ಬಲೆ ಎಲ್ಲೋ?"

"ಮರದಲ್ಲಿ!"

ಡ್ಯೂಯಿ ಮರದ ಕಡೆ ನೋಡಿದ. ಬಲೆ ಅವನಿಗೂ ಕಂಡಿತು. ತನ್ನ ಬಲೆ ತೆಗೆದುಕೊಂಡು ಅಂಚಿನಲ್ಲಿ ಮಂಡಿಯೂರಿದ. ಅಷ್ಟರಲ್ಲಿ ಮರದ ಕೊಂಬೆ ಕೆಳಗಿನ ಯಾವುದೋ ಬಂಡೆಗೆ ಕಚ್ಚಿಕೊಂಡಿತು. ಮೂರು ಹಗ್ಗಗಳೂ ಕಿರ್ರೆಂದು ಹಿಗ್ಗಿ ತಡೆದುಕೊಂಡವು. ತೆಪ್ಪ ಬಾಲ ತಿರುಗಿಸಿ ಬಂದು ಡ್ಯೂಯಿಯ ತೆಪ್ಪಕ್ಕೆ ಮೆತ್ತಗೆ ಭುಜ ಕೊಟ್ಟು ನಿಂತಿತು. ಡ್ಯೂಯಿ ಬಗ್ಗಿ ಬಲೆ ಎತ್ತಿದ. ಹದಿನೆಂಟು ಅಂಗುಲದ ಗಂಡು ವಾಲೈ, ಬಂಗಾರದ ಬಣ್ಣದ್ದು.

"ನೋಡಿದ್ಯಾ, ಗಂಟು ಬಿಚ್ಚಲಿಲ್ಲ" ಎಂದ ಹಾರ್ಲನ್ ಏದುಸಿರು ಬಿಡುತ್ತಾ.

"ಮಹಾರಾಯ, ಗಂಟಿಗೇನು ಬಂತು! ಊರೇ ಕೊಚ್ಕೊಂಡು ಹೋದ್ರೂ ನಿನ್ನ ಗಂಟು ಇರುತ್ತೆ."

ಇಬ್ಬರೂ ಮೀನನ್ನು ನೋಡುತ್ತಾ ನಿಂತರು. ಹಾರ್ಲನ್ನನ ಮುಖದ ಕಳೆ ಮೆಲ್ಲನೆ ಇಳಿಯಿತು. "ಇದು ಅವರ ದಂಡೇಲಿ ಹಿಡಿದದ್ದಲ್ಲ" ಎಂದ.

"ಮೀನಿನ ಮೈಮೇಲೆ ವಿಳಾಸ ಬರೆದಿದ್ಯಾ? ತಗೊಂಡು ಹೋಗಿ ಕೊಡು. ನಾನು ಯಾರಿಗೂ ಹೇಳಲ್ಲ."

"ನೀನಾ?"

ಡ್ಯೂಯಿ ಕಿವಿ ಕೆರೆದುಕೊಂಡ. "ಸರಿ, ಶುಕ್ರವಾರ ಮಧ್ಯಾಹ್ನದ ತನಕ ಹೇಳಲ್ಲ. ಅದಕ್ಕಿಂತ ಜಾಸ್ತಿ ನನ್ನ ಕೈಲಾಗಲ್ಲ."

"ನಿಂಗೆ ಆ ಜಾಗ ಬೇಡ್ವಾ?"

"ಬೇಕು ಕಣೋ. ಆದ್ರೆ ಮರ ಕಟ್ಕೊಂಡು ತೇಲಿ ಬಂದವನ ಹತ್ರ ಕಿತ್ಕೊಂಡೆ ಅಂದ್ರೆ ಅಂಗಡೀಲಿ ಹೇಳ್ಕೊಳ್ಳೋಕೆ ಚೆನ್ನಾಗಿರಲ್ಲ. ತೇಲಿ ಬಂದದ್ದು ಮಾತ್ರ ಹೇಳ್ಕೊಳ್ಳೋಕೆ ಭಾರಿ ಚೆನ್ನಾಗಿದೆ."

ಗುಡ್ ಫ್ರೈಡೇ ಬೆಳಿಗ್ಗೆ ಹನ್ನೊಂದಕ್ಕೆ ಹಾರ್ಲನ್ ಬ್ರೆಡ್ಡಿನ ಖಾಲಿ ಚೀಲದಲ್ಲಿ ಮೀನು ಹಿಡಿದುಕೊಂಡು ಮಿಸೆಸ್ ಶ್ಮೋಲ್ಟ್ ಅವರ ಹಿತ್ತಲ ಬಾಗಿಲು ತಟ್ಟಿದ. ಮುಳ್ಳು ಉಳಿದಿದೆಯೇ ಎಂದು ಬೆರಳಾಡಿಸಿ ನೋಡಿದ್ದ, ಎಷ್ಟು ಸಲವೆಂದು ಹೇಳಬೇಕಾಗಿಲ್ಲ. ಹಿಂದೆಯೇ ಯಾರೂ ಕರೆಯದಿದ್ದರೂ ಡ್ಯೂಯಿ ಬಂದಿದ್ದ. ಸಾಕ್ಷಿಗೆ ಬೇಕಾಗಬಹುದು ಎಂಬುದು ಅವನ ಸಬೂಬು.

ಅಡುಗೆಮನೆಯಲ್ಲಿ ಬಾಣಲೆ ಒಲೆಯ ಮೇಲಿತ್ತು. ಕೋಸಿನ ಪಚ್ಚಡಿಯೂ ರೈ ಬ್ರೆಡ್ಡೂ ಮೇಜಿನ ಮೇಲಿದ್ದವು. ಮಿಸೆಸ್ ಶ್ಮೋಲ್ಟ್ ಚೀಲ ಬಿಡಿಸಿ, ಕೆನ್ನೆ ತುಂಡುಗಳು ಎರಡೂ ಇವೆಯೇ ಎಂದು ನೋಡಿದರು. ಆಮೇಲೆ ಪ್ರತಿ ವರ್ಷ ಕೇಳುವ ಪ್ರಶ್ನೆ ಕೇಳಿದರು: "ನನ್ನ ದಂಡೇಲಿ ಹಿಡಿದದ್ದು ತಾನೇ?"

ಹೂಂ ಎಂದರೆ ಮುಗಿಯುತ್ತಿತ್ತು. ಡ್ಯೂಯಿ ಬೆನ್ನ ಹಿಂದಿನಿಂದ ತಿವಿದ. ಹಾರ್ಲನ್ ತನ್ನ ಟೋಪಿಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ. ಎರಡು ಸುತ್ತು ತಿರುಗಿಸಿದ. ಆ ಮೌನದ ಜಾಗ, ಬೆಳಗಿನ ಬಿಸಿಲಿನ ಕಿಟಕಿ, ಕೊಕ್ಕರೆಗಳ ಕೂಗು ಎಲ್ಲ ಕಣ್ಣ ಮುಂದೆ ಬಂದು ಹೋದವು. ಮೂರನೆಯ ಸುತ್ತು ಮುಗಿದ ಮೇಲೆ ಹೇಳಿದ:

"ಇಲ್ಲ, ಮಿಸೆಸ್ ಶ್ಮೋಲ್ಟ್. ಮೀನು ಕಚ್ಚಿದಾಗ ನಾನು ಸೇತುವೆ ಕೆಳಗಡೆ ಇದ್ದೆ. ನಿಮ್ಮ ಮರಕ್ಕೆ ಕಟ್ಟಿದ್ದೇನೋ ನಿಜ. ಮರಾನೂ ಜೊತೇಲೇ ಇತ್ತು. ದಂಡೆ ಮಾತ್ರ ಬಂದಿರಲಿಲ್ಲ."

ಮುದುಕಿ ಹಿಟ್ಟಿನ ಕೈ ಒರೆಸಿಕೊಂಡು ಕುರ್ಚಿಯಲ್ಲಿ ಕೂತರು. ಅವರ ಭುಜಗಳು ಅಲುಗುತ್ತಿದ್ದವು. ಅಳುತ್ತಿದ್ದಾರೆಂದು ಹಾರ್ಲನ್ ಹೆದರಿದ. ಅವರು ನಗುತ್ತಿದ್ದರು.

"ನಿಮ್ಮಪ್ಪ ಇದ್ದನಲ್ಲ, ನಾನು ಪ್ರಶ್ನೆ ಮುಗಿಸೋಕೆ ಮುಂಚೆನೇ ಹೂಂ ಅಂತಿದ್ದ. ಒಂದು ವರ್ಷ ತಂದದ್ದು ವಾಲೈಯೇ ಅಲ್ಲ, ಬಿಳಿ ಬಾಸ್ ಮೀನು. ಗೊತ್ತಾಗಲ್ಲ ಅಂದ್ಕೊಂಡಿದ್ದ. ನಾನೂ ಸುಮ್ನೆ ಕರಿದು ತಿಂದೆ. ಈ ಪ್ರಶ್ನೆಗೆ ಯೋಚನೆ ಮಾಡಿ ಉತ್ತರ ಕೊಟ್ಟವನು ನೀನೊಬ್ಬನೇ."

"ಹಾಗಾದ್ರೆ ಜಾಗ?" ಎಂದ ಹಾರ್ಲನ್ ಮೆಲ್ಲಗೆ.

"ಮರ ನಂದು, ಗಂಟು ನಿಂದು. ಜಾಗ ನಿಂಗೇ ಇರ್ಲಿ. ಆ ಮರಾನ ಕೊಯ್ದು ಸೌದೆ ಮಾಡಿ ನನ್ನ ಹಿತ್ತಲಿಗೆ ಹಾಕು." ಅವರ ಕಣ್ಣು ಡ್ಯೂಯಿಯ ಕಡೆ ತಿರುಗಿತು. "ಮೀನೆತ್ತಿದ ಬಲೆ ಯಾರದ್ದು?"

"ನಂದು, ಮಿಸೆಸ್ ಶ್ಮೋಲ್ಟ್" ಎಂದ ಡ್ಯೂಯಿ, ಭಾನುವಾರದ ಪಾಠಶಾಲೆಯ ಮಗುವಿನಂತೆ.

"ಹಾಗಾದ್ರೆ ನೀನೂ ಬಾ. ಇವನಿಂದ ಮೂವತ್ತು ಅಡಿ ಕೆಳಗೆ ಒಂದು ಓಕ್ ಮರ ಇದೆ, ಜೀವಂತ ಇದೆ. ಅದಕ್ಕೆ ಕಟ್ಕೋ. ಇವನು ಮತ್ತೆ ತೇಲಿಕೊಂಡು ಹೊರಟ್ರೆ ಒಬ್ಬರಾದ್ರೂ ಕೂಗೋಕೆ ಬೇಕಲ್ಲ. ಕೂಗೋ ಕೆಲಸ ನಿಂಗೆ ಚೆನ್ನಾಗಿ ಬರುತ್ತೆ."

ಹಾರ್ಲನ್ ಏನೋ ಹೇಳಲು ಬಾಯಿ ತೆರೆದ. ಆದರೆ ಎಣ್ಣೆ ಕಾದಿತ್ತು, ಮೀನು ಬಾಣಲೆಗಿಳಿದಿತ್ತು, ಆ ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸುವಂತಿರಲಿಲ್ಲ. ಮಿಸೆಸ್ ಶ್ಮೋಲ್ಟ್ ಒಂದು ಕೆನ್ನೆ ತುಂಡನ್ನು ತಾವು ತಿಂದರು. ಇನ್ನೊಂದನ್ನು, ಎಂದೂ ಯಾರಿಗೂ ಕೊಡದವರು, ಹಾರ್ಲನ್ನನ ತಟ್ಟೆಗೆ ಹಾಕಿದರು.

ಈಸ್ಟರ್ ಕಳೆದು ವಾರವಾಯಿತು. ಈಗ ತಿರುವಿನಲ್ಲಿ ಎರಡು ತೆಪ್ಪಗಳಿವೆ. ಡ್ಯೂಯಿಯ ಕಿಟಕಿಗೆ ಹೊಸ ಪರದೆಯೂ ಬಂದಿದೆ, ಹಾರ್ಲನ್ನನ ಕಡೆಯ ಪರದೆಯನ್ನು ಮಾತ್ರ ಅವನು ಎಂದೂ ಎಳೆಯುವುದಿಲ್ಲ. ಬೆಳಿಗ್ಗೆ ಆರಕ್ಕೆ ಶುರುವಾಗುವ ಅವನ ಮಾತು ಹೊಳೆಯ ಹಾಗೆ, ನಿಲ್ಲುವುದಿಲ್ಲ. ಯಾರ ತಲೆಗೆ ಯಾವ ಬಣ್ಣ, ಯಾರ ಅಳಿಯ ಯಾವ ಕೆಲಸ ಬಿಟ್ಟ, ಎಲ್ಲವೂ ನೀರಿನ ಮೇಲೆ ತೇಲಿ ಬರುತ್ತವೆ. ಗಂಟೆಗೊಮ್ಮೆ, "ಹಾರ್ಲನ್, ಮರ ಇದ್ಯಾ?" ಎಂದು ಕೂಗುತ್ತಾನೆ. ಹಾರ್ಲನ್ ಎದ್ದು ಹೊರಗೆ ಬಂದು, ಹೊಸದಾಗಿ ಆರಿಸಿಕೊಂಡ ಮೂರು ಮರಗಳನ್ನೂ ನೋಡಿ, "ಇದೆ" ಎನ್ನುತ್ತಾನೆ.

"ಹಾಳಾದವನು, ಉಸಿರೂ ತೆಗೆದುಕೊಳ್ಳಲ್ಲ" ಎಂದು ಮನೆಯಲ್ಲಿ ದೂರುತ್ತಾನೆ. ಡೊರೀನ್‌ಗೆ ನಗು ತಡೆಯುವುದು ಕಷ್ಟವಾಗುತ್ತದೆ.

ಮೊನ್ನೆ ಶನಿವಾರ ಹತ್ತು ಗಂಟೆಯ ಹೊತ್ತಿಗೆ ಮಾತು ಇದ್ದಕ್ಕಿದ್ದಂತೆ ನಿಂತಿತು. ಒಂದು ನಿಮಿಷ, ಎರಡು ನಿಮಿಷ. ಕೊಕ್ಕರೆಗಳ ಕೂಗು ಕೇಳಿಸಿತು. ಒಲೆಯ ಚಟಪಟವೂ ಕೇಳಿಸಿತು. ಹಾರ್ಲನ್ ಕಾಫಿಯ ಲೋಟ ಕೆಳಗಿಟ್ಟ. ಅವಸರದಿಂದ ಎದ್ದು ಕಿಟಕಿಯಾಚೆ ಚರ್ಚಿನ ಶಿಖರ ಕಾಣುತ್ತದೆಯೇ ಎಂದು ನೋಡಿದ. ಕಾಣಲಿಲ್ಲ. ಬಾಗಿಲು ತೆರೆದು ಮೂರು ಮರಗಳನ್ನು ನೋಡಿದ. ಇದ್ದವು. ಆಮೇಲೆ ಓಕ್ ಮರದ ಕಡೆ ಕತ್ತು ಚಾಚಿದ.

"ಡ್ಯೂಯಿ! ಇದೀಯೇನೋ?"

ಡ್ಯೂಯಿ ಬಾಯಿ ತುಂಬ ಸ್ಯಾಂಡ್‌ವಿಚ್ ಇಟ್ಟುಕೊಂಡು, ಮಾತಾಡಲಾಗದೆ ಕೈಯೆತ್ತಿ ತೋರಿಸಿದ. ಹಾರ್ಲನ್ ತಲೆಯಾಡಿಸಿ ಒಳಗೆ ಹೋದ. ಕೂರುವ ಮೊದಲು ಇನ್ನೆರಡು ಸಲ ಬಂದು ಇಣುಕಿ ನೋಡಿದ.